ಅವ್ವನನ್ನು ಕೂರಿಸಿದ ಭಾನುವಾರ

ನಾನು ಚಿಕ್ಕವಳಿದ್ದಾಗ, ನಿಮ್ಮಲ್ಲಿ ನಡುವಿನವಳಷ್ಟು ಎತ್ತರವಿದ್ದಾಗ, ಒಂದು ಭಾನುವಾರ ನನಗೆ ಸಿಟ್ಟು ಬಂತು. ಮಕ್ಕಳೇ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಗ ನಾವು ಕುರ್ಡಿಯಲ್ಲಿದ್ದೆವು. ಊರಿನ ಬಾವಿಗೆ ನಮ್ಮ ಓಣಿಯವರು ಕೊಡ ಇಳಿಸುವಂತಿರಲಿಲ್ಲ. ಅವ್ವ ಕೊಡ ಇಟ್ಟುಕೊಂಡು ದೂರ ನಿಲ್ಲುತ್ತಿದ್ದಳು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ನೀರು ಸುರಿಯುವವರೆಗೂ ನಿಲ್ಲಬೇಕು. ಕಾದ ನೆಲಕ್ಕೆ ಅಂಗಾಲು ಸುಡುತ್ತಿತ್ತು. ನಾನು ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ನಿಲ್ಲುತ್ತಿದ್ದೆ. ಅವ್ವ ಮಾತ್ರ ಅಲ್ಲಾಡುತ್ತಿರಲಿಲ್ಲ.

ಅವ್ವನಿಗೆ ಓದು ಬರುತ್ತಿರಲಿಲ್ಲ, ಹಾಡು ಬರುತ್ತಿತ್ತು. ಮೆಣಸಿನಕಾಯಿ ಬಿಡಿಸುವಾಗ, ಕಳೆ ತೆಗೆಯುವಾಗ ಅವಳು ಒಂದು ನುಡಿ ಎತ್ತಿದರೆ ಸಾಲಿನ ಹೆಂಗಸರೆಲ್ಲ ಹಿಂದಿನಿಂದ ಹೇಳುತ್ತಿದ್ದರು. ಮೆಣಸಿನ ಘಾಟಿಗೆ ಎಲ್ಲರೂ ಸೀನುತ್ತಿದ್ದರೂ ಹಾಡು ನಿಲ್ಲುತ್ತಿರಲಿಲ್ಲ.

ಅಪ್ಪ ಅವ್ವ ಆಗತಾನೇ ಕ್ರೈಸ್ತರಾಗಿದ್ದರು. ಭಾನುವಾರ ಬಸ್ಸು ಹಿಡಿದು ಮಾನ್ವಿಯ ಒಂದು ಚಿಕ್ಕ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದೆವು. ಅಲ್ಲಿ ಪುಸ್ತಕ ನೋಡಿ, ಹಾರ್ಮೋನಿಯಂ ಜೊತೆ, ನಮಗೆ ತಿಳಿಯದ ಧಾಟಿಯಲ್ಲಿ ಹಾಡುತ್ತಿದ್ದರು. ಅವ್ವ ಬಾಯಿ ಮುಚ್ಚಿಕೊಂಡೇ ಕೂತಿರುತ್ತಿದ್ದಳು. ಒಂದು ವಾರ ಅಲ್ಲಿ ಬಾವಿಯ ಕಥೆ ಹೇಳಿದರು. ಯಾರೂ ಮುಟ್ಟದ ಹೆಂಗಸಿನ ಬಳಿ ಯೇಸು ಕುಡಿಯಲು ನೀರು ಕೇಳಿದ ಕಥೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ವಾರವೆಲ್ಲ ಹೊಲದಲ್ಲಿ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು.

ಮುಂದಿನ ಭಾನುವಾರ ಯಾರೂ ಕರೆಯದೆ ಅವಳೇ ಎದ್ದು ನಿಂತು ಹಾಡಿದಳು.

ಬಾವೀಯ ದಂಡ್ಯಾಗ ಬಿಸಿಲಾಗ ಕುಂತಾನ
ಬಾಯಾರಿ ನೀರು ಕೇಳ್ಯಾನ, ಯೇಸಪ್ಪ
ನಮ್ಮ ಕೊಡದ ನೀರು ಕುಡಿದಾನ

ಹಿಂದಿನ ಸಾಲಿನ ಹೆಂಗಸರು ಆಗಲೇ ದನಿ ಕೂಡಿಸಿದ್ದರು. ಅವ್ವ ಇನ್ನೂ ನಾಲ್ಕೈದು ನುಡಿ ಕಟ್ಟಿಕೊಂಡು ಬಂದಿದ್ದಳು. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಭೆಯ ಹಿರಿಯರೊಬ್ಬರು ಕೈ ಎತ್ತಿದರು.

"ಯವ್ವಾ, ಇದು ಹೊಲದಾಗಿನ ಹಾಡು. ದೇವ್ರ ಮನ್ಯಾಗ ನಡಿಯಂಗಿಲ್ಲ. ಕುಂದ್ರು."

ಅವರು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಅವ್ವ ತಿರುಗಿ ಮಾತಾಡುತ್ತಿದ್ದಳೋ ಏನೋ. ಸುಮ್ಮನೆ ಕೂತಳು. ಅಪ್ಪ ನೆಲ ನೋಡುತ್ತಿದ್ದ. ನನಗೆ ಆ ಹಿರಿಯರ ಮೇಲಿನದಕ್ಕಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು. ಬಸ್ಸಿನಲ್ಲಿ ಅವನ ಪಕ್ಕ ಕೂರಲಿಲ್ಲ. ಮನೆಗೆ ಬಂದ ಮೇಲೆ ಉಳಿದ ನುಡಿ ಹೇಳು ಎಂದು ಅವ್ವನನ್ನು ಪೀಡಿಸಿದೆ. ಮರೆತೆನೆಂದಳು. ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಆಮೇಲೆ ಅವಳು ಹೊಲದಲ್ಲೂ ಹಾಡಲಿಲ್ಲ. ಆ ನುಡಿಗಳು ಅವಳ ಜೊತೆಗೇ ಮಣ್ಣಾದವು.

ನಾನು ಓದಿ, ದೇವದುರ್ಗದಲ್ಲಿ ನರ್ಸ್ ಆದೆ. ಪ್ರಾರ್ಥನೆಗೆ ಹೋಗುತ್ತಿದ್ದೆ, ದೇವರ ಜೊತೆ ನನಗೆ ಜಗಳವಿರಲಿಲ್ಲ. ಆದರೆ ಹಾಡಿನ ಹೊತ್ತಿಗೆ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಹಾಗೆಯೇ ಅರವತ್ತಾಯಿತು, ನಿವೃತ್ತಿಯೂ ಆಯಿತು.

ಒಮ್ಮೆ ನಮ್ಮ ಸಭೆಯ ಹೆಂಗಸೊಬ್ಬಳ ಹೊಲಕ್ಕೆ ಪ್ರಾರ್ಥನೆಗೆಂದು ಹೋಗಿದ್ದೆ. ಹತ್ತಿ ಬಿಡಿಸುತ್ತಿದ್ದವರು ಹಾಡುತ್ತಿದ್ದರು. ಧಾಟಿ ಅವ್ವನದೇ. ನನ್ನ ಬಾಯಿ ತಾನಾಗಿ ತೆರೆಯಿತು. ಬಾವಿಯ ನುಡಿ ಹಾಡಿದೆ. ಅವರೆಲ್ಲ ಹಿಂದಿನಿಂದ ಹೇಳಿದರು. ಆಮೇಲೆ ಒಬ್ಬಾಕೆ, "ಮುಂದಿಂದು ಹೇಳ್ರಿ ಅಕ್ಕಾರ" ಅಂದಳು.

ಮುಂದಿನದು ಇರಲಿಲ್ಲ. ಯಾಕೆ ಇರಲಿಲ್ಲ ಎಂದು ನೆನೆದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬಂತು ನೋಡಿ:

ಹಿರಿಯಾರು ಕುಂದ್ರಂದ್ರು ಯೇಸಪ್ಪ ಏಳಂದ
ಕೊರಳ ಯಾರು ಕೊಟ್ಟಾರ ಹೇಳಂದ, ತಂಗೆವ್ವ
ಹೊಲದ ಹಾಡೇ ನನಗ ಇರಲಂದ

ಅದು ನಾನು ಕಟ್ಟಿದ ಮೊದಲ ಹಾಡು. ಅಂದು ಸಂಜೆಯೊಳಗೆ ಇನ್ನೂ ಮೂರು ನುಡಿ ಬಂದವು. ಮರೆಯಬಾರದೆಂದು ಮಾತ್ರೆ ಚೀಟಿಯ ಹಿಂದೆ ಬರೆದುಕೊಂಡೆ.

ಆ ಭಾನುವಾರವೇ ಮಾನ್ವಿಗೆ ಹೋದೆ, ಅದೇ ಮಂದಿರಕ್ಕೆ. ಜಗಳಕ್ಕೆ ಸಿದ್ಧಳಾಗಿ, ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆ ಹಿರಿಯರು ತೀರಿಹೋಗಿ ಬಹಳ ವರ್ಷವಾಗಿತ್ತು. ಈಗಿನ ಪಾಸ್ಟರು ಚಿಕ್ಕ ಪ್ರಾಯದವರು. "ಹಾಡ್ರಿ ಅಮ್ಮಾ, ಅದಕ್ಯಾಕ ಕೇಳ್ತೀರಿ" ಎಂದು ಮೈಕು ಕೈಗೆ ಕೊಟ್ಟರು. ಹಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬಂದು ಗೋಡೆ ಹಿಡಿದು ನಿಂತು ಅತ್ತೆ. ಅದು ಖುಷಿಯ ಅಳುವಲ್ಲ. ಇಷ್ಟು ಸುಲಭವಿತ್ತೇ? ಹಾಗಾದರೆ ಅವ್ವ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದ್ದು ಯಾತಕ್ಕೆ?

ಈಗ ನೀವು ರಾಯಚೂರಿನ ಈ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಬಚ್ಚಲಲ್ಲಿ, ಆಟೋದಲ್ಲಿ, ಎಲ್ಲೆಂದರಲ್ಲಿ ಗಂಟಲು ಹರಿಯುವಂತೆ ಹಾಡುತ್ತೀರಿ. ಸುಮ್ಮನಿರಿ ಎಂದು ನಿಮ್ಮಪ್ಪ ಗದರಿದರೂ ಕೇಳುವುದಿಲ್ಲ. ಕೇಳಬೇಡಿ. ಹೋದ ವಾರ ದೊಡ್ಡವಳು ನನ್ನ ಹೊಸ ಹಾಡನ್ನು ಫೋನಿನಲ್ಲಿ ಬರೆದುಕೊಟ್ಟಳು. 'ಸಂತ್ಯಾಗ' ಇದ್ದಲ್ಲಿ 'ಸಂತೆಯಲ್ಲಿ' ಎಂದು ತಿದ್ದಿದ್ದಳು. ಶಾಲೆಯಲ್ಲಿ ಅದೇ ಸರಿಯಂತೆ. ನಾನು ರೇಗಿದೆ, ಅವಳು ಅತ್ತಳು. ನಿನ್ನನ್ನು ಅಳಿಸಿದ್ದಕ್ಕೆ ಈ ಅಜ್ಜಿಗೆ ಬೇಜಾರಿದೆ, ಪುಟ್ಟಿ. ಆದರೂ ಇವತ್ತು ಸಂಜೆ ಬಂದು ಕೂತುಕೋ. ನಾನು ಹಾಡುತ್ತೇನೆ, ನನ್ನ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಬರೆ.