ಮಾಳಿಗೆ ಮೇಲಿನ ಗ್ರಹಗಳು

ಆಳಂದದ ನಮ್ಮ ಮನೆಯ ಮಾಳಿಗೆ ಖೋಲಿಯಲ್ಲಿ ಬಾಡಿಗೆಗಿದ್ದವರು ದನದ ದವಾಖಾನೆಯ ಕಂಪೌಂಡರು. ಸರಸಂಬಾ ಕಡೆಯ ಎಮ್ಮೆಗಳಿಗೆ ಸೂಜಿ ಹಾಕಿ ಬಂದರೆಂದರೆ ಕಿಟಕಿ ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ಮೇಲೆ ಒಯ್ಯುತ್ತಿದ್ದ ಸಾಮಾನೂ ವಿಚಿತ್ರ: ಥರ್ಮಾಕೋಲ್ ಗುಂಡುಗಳು, ಜರಡಿ ಹಿಡಿದ ಮರಳು, ಖಾಲಿ ಸಿರಿಂಜು. ನಾನು ಬಾಗಿಲು ಬಡಿದರೆ ಒಳಗಿಂದ ಒಂದೇ ಮಾತು: "ಹಸಿ ಅದ್ರಿ, ಈಗ ಬರಬ್ಯಾಡ್ರಿ." ಏನು ಹಸಿ ಅಂತ ಎಂದೂ ಹೇಳಲಿಲ್ಲ.

"ಬಾಂಬ್ ಗೀಂಬ್ ಮಾಡಾಕತ್ತಾನೇನ್ರಿ? ಪೊಲೀಸರಿಗಿ ಹೇಳ್ರಿ," ಎಂದು ನನ್ನ ಹೆಂಡತಿ ದಿನವೂ ಗಂಟುಬೀಳುತ್ತಿದ್ದಳು. ಒಂದು ಮಧ್ಯಾಹ್ನ ಅವರು ಹೊರಗೆ ಹೋದಾಗ, ನನ್ನ ಹತ್ತಿರವಿದ್ದ ಇನ್ನೊಂದು ಕೀಲಿಕೈಯಿಂದ ಬಾಗಿಲು ತೆರೆದೆ.

ಮೇಜಿನ ತುಂಬ ಗ್ರಹಗಳಿದ್ದವು. ಬಣ್ಣ ಬಳಿದ ಥರ್ಮಾಕೋಲ್ ಗುಂಡುಗಳು: ಒಂದಕ್ಕೆ ಬೂದಿ ಬಣ್ಣ, ಒಂದಕ್ಕೆ ನೀಲಿ, ಅವುಗಳ ನಡುವೆ ಉಗುರಿನಷ್ಟೇ ಎತ್ತರದ ಸೈನಿಕರು. ಕೆಂಪು ಗ್ರಹವೊಂದನ್ನು ಮುಟ್ಟಿಯೇಬಿಟ್ಟೆ. ಮೇಲೆ ಮೆತ್ತಿದ್ದ, ಗೋಡೆಗೆ ಹಚ್ಚುವ ಪುಟ್ಟಿ ಇನ್ನೂ ಆರಿರಲಿಲ್ಲ, ಹೆಬ್ಬೆರಳು ಒಳಗಿಳಿಯಿತು. ತಿರುಗಿದರೆ ಬಾಗಿಲಲ್ಲಿ ಅವರು ನಿಂತಿದ್ದರು.

"ಆಟದ್ದು ಅದ್ರಿ," ಎಂದರು ಮೆಲ್ಲಗೆ. "ಐತವಾರ ಕಲಬುರಗಿಗಿ ಒಯ್ದು ಗೆಳ್ಯಾರ ಕೂಡ ಇದರ ಮ್ಯಾಲ ಈ ಸೈನಿಕರನ್ನ ಇಟ್ಟು, ದಾಳ ಹಾಕಿ ಯುದ್ಧದ ಆಟ ಆಡ್ತೇನಿ."

"ಮದಲ ಯಾಕ ಹೇಳಲಿಲ್ರಿ?"

"ನಗ್ತೀರಿ ಅಂತ ಅಂಜಿದ್ದೆರಿ."

ಸೀಮೆಎಣ್ಣೆ ಅದ್ದಿದ ಅರಿವೆಯಿಂದ ನನ್ನ ಬೆರಳನ್ನು ತಾವೇ ಒರೆಸಿದರು. ಆಮೇಲೆ ಕುಂಚ ತೆಗೆದುಕೊಂಡು ನನ್ನ ಬೆರಳಿನ ಗುರುತಿನ ಸುತ್ತ ಕಪ್ಪು ಬಳಿದರು. "ಇದು ಕಣಿವಿ ಆತು ಬಿಡ್ರಿ. ಸೈನಿಕರು ಅಡಗಾಕ ಜಾಗಾ ಬೇಕಾಗಿತ್ತು."

ಮರುದಿನ ಎಂದಿನಂತೆ ನಗುತ್ತ ನಮಸ್ಕಾರ ಹೇಳಿ ಕೆಲಸಕ್ಕೆ ಹೋದರು. ಅವರು ಓಣಿ ದಾಟಿದ ಮೇಲೆ ನಾನು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.