ಪಕ್ಕದ ಸೀಟಿಗೆ ಒಬ್ಬರು ಬೇಕು

ಸುನ್ನಿವಾ ಹಾರ್ಕಸ್‌ಗೆ ಆ ಕಾರನ್ನು ಮಾರಿದವನು ನಾನೇ. ಆಗ ಅವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ತಿಳಿನೀಲಿ ಬಣ್ಣದ, ಮೂರು ಸಿಲಿಂಡರಿನ, ಹನ್ನೆರಡು ವರ್ಷ ಹಳೆಯ ಪುಟ್ಟ ಕಾರು ಅದು. ಅದರ ಮೊದಲ ಒಡತಿ, ನಿವೃತ್ತ ಶಾಲಾ ಶಿಕ್ಷಕಿ, ಚರ್ಚಿಗೂ ಅಂಗಡಿಗೂ ಬಿಟ್ಟರೆ ಬೇರೆಲ್ಲಿಗೂ ಒಯ್ದಿರಲಿಲ್ಲ. ಆಂಟೆನಾ ಗಾಳಿಗೆ ಮುರಿದು ಹೋಗಿತ್ತು. ಎಡಗಡೆ ಬಾಗಿಲಿನ ಕೀಲು ಸ್ವಲ್ಪ ಬಗ್ಗಿತ್ತು, ತಳದಲ್ಲಿ ಉಪ್ಪುಗಾಳಿ ತಂದ ತುಕ್ಕು. ಎಂಜಿನ್ ಮಾತ್ರ ಗಟ್ಟಿ. ಒಮ್ಮೆ ಟ್ಯಾಂಕು ತುಂಬಿಸಿದರೆ ಮೂರು ವಾರ ನನ್ನ ಪಂಪಿನ ಕಡೆ ತಲೆ ಹಾಕುವ ಅಗತ್ಯವಿಲ್ಲ.

"ಇದಕ್ಕಿಂತ ದೊಡ್ಡದು ತಗೊಂಡ್ರೆ ನಿನ್ನ ವಯಸ್ಸಿಗೆ ಇನ್ಶೂರೆನ್ಸ್‌ನೋರು ಚರ್ಮ ಸುಲೀತಾರೆ," ಅಂದೆ.

"ದೊಡ್ಡದು ನಂಗ್ಯಾಕೆ, ಮ್ಯಾನ್ಸಿ? ನಾನೊಬ್ಬಳೇ ಅಲ್ವಾ," ಅಂದಳು.

ಅದು ನಿಜ. ಉತ್ತರದ ಒಂದು ಸಣ್ಣ ದ್ವೀಪದಿಂದ ಅಮ್ಮನ ಜೊತೆ ನಮ್ಮ ಊರಿಗೆ ಬಂದಾಗ ಅವಳಿಗೆ ಹದಿನಾರು. ಎರಡನೇ ವರ್ಷಕ್ಕೆ ಅಮ್ಮ ಒಬ್ಬ ಕಟ್ಟಡ ಕೆಲಸದವನ ಹಿಂದೆ ಕಡಲಾಚೆಯ ಇನ್ವರ್‌ನೆಸ್‌ಗೆ ಹೊರಟಳು. ಅಷ್ಟರಲ್ಲಿ ಹುಡುಗಿಗೆ ಚೀಸ್ ಮಾಡುವ ಡೇರಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ಬರೋದಿಲ್ಲ ಅಂದಳು. ಅಮ್ಮ ಎರಡನೇ ಸಲ ಕರೆಯಲಿಲ್ಲ. ಡೇರಿಯ ಕೆಲಸ ಬೆಳಗಿನ ಆರಕ್ಕೆ ಶುರು, ಮೊದಲ ಬಸ್ಸು ಬರುವುದು ಎಂಟಕ್ಕೆ. ಎಂಟು ಮೈಲಿ ಸೈಕಲ್ ತುಳಿದು ಹೋಗುತ್ತಿದ್ದಳು. ಮರವೇ ಇಲ್ಲದ ನಮ್ಮ ಆರ್ಕ್ನಿ ದ್ವೀಪಗಳಲ್ಲಿ ಎದುರುಗಾಳಿಗೆ ಎಂಟು ಮೈಲಿ ಎಂದರೆ ಸೈಕಲ್ಲನ್ನು ನೀವು ಎಳೆದುಕೊಂಡು ಹೋದಂತೆಯೇ.

ಕಾರು ಕೊಳ್ಳುವುದೇ ಕಷ್ಟದ ಭಾಗ ಎಂದು ಅವಳು ತಿಳಿದಿದ್ದಳು. ಎಲ್ ಬೋರ್ಡ್ ಇರುವಷ್ಟು ದಿನ ಪಕ್ಕದ ಸೀಟಿನಲ್ಲಿ ಪೂರ್ತಿ ಲೈಸೆನ್ಸ್ ಇರುವ, ಮೂರು ವರ್ಷವಾದರೂ ಅನುಭವವಿರುವ ಒಬ್ಬರು ಕೂತಿರಲೇಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಆ ಒಬ್ಬರು ಸಿಗದೆ ಹೋಗಬಹುದು ಅಂತ ಹೊಳೆದಿರಲಿಲ್ಲ. ಕಲಿಸುವ ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೊಡುತ್ತಿದ್ದರು, ಅದೂ ಅವರದೇ ಕಾರಿನಲ್ಲಿ. ಇವಳ ಕಾರು ಮನೆ ಮುಂದೆ ಐದು ವಾರ ನಿಂತಲ್ಲೇ ನಿಂತಿತ್ತು.

ಡೇರಿಯ ಹೆಂಗಸೊಬ್ಬಳು ಒಂದು ದಿನ ಬಂದು ಕೂತಳು. ಮೊದಲ ತಿರುವಿನಲ್ಲೇ ಕಿರುಚಿ, ಮನೆಗೆ ಹೋಗಿ, ಮತ್ತೆ ಬರಲಿಲ್ಲ. ಮೇಲ್ವಿಚಾರಕನಿಗೆ ಎಳೆ ಮಕ್ಕಳಿದ್ದವು. ನನ್ನನ್ನೂ ಕೇಳಿದಳು. "ಭಾನುವಾರ ನೋಡೋಣ" ಅಂದೆ. ಮುಂದಿನ ವಾರವೂ ಅದನ್ನೇ ಅಂದೆ, ಅದರ ಮುಂದಿನ ವಾರವೂ. ಭಾನುವಾರ ಪಂಪು ಮುಚ್ಚಿರುತ್ತದೆ, ನನಗೇನೂ ಕೆಲಸವಿರಲಿಲ್ಲ. ಆ ಒಂದು ದಿನ ನನಗೆ ಬೇಕಿತ್ತು, ಅಷ್ಟೇ. ನಾಲ್ಕನೇ ವಾರ ಅವಳು ಕೇಳಲಿಲ್ಲ.

ಸಂಜೆ ಕೆಲಸದಿಂದ ಬಂದವಳು ತಟ್ಟೆ ಹಿಡಿದು ಕಾರಿನೊಳಗೆ ಕೂತು ಊಟ ಮಾಡುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಎಂಜಿನ್ ಆಫ್ ಇರುತ್ತಿತ್ತು. ಉಂಡಾದ ಮೇಲೆ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದು ಒಳಗೆ ಹೋಗುತ್ತಿದ್ದಳು.

ಅಕ್ಟೋಬರಿನಲ್ಲಿ ಪಂಪಿನ ಪಕ್ಕದ ನನ್ನ ಅಂಗಡಿಯ ಸೂಚನಾ ಹಲಗೆಯ ಮೇಲೆ ಒಂದು ಚೀಟಿ ಚುಚ್ಚಿದಳು. ಚೀಟಿ ಬಂದ ಮಾರನೇ ದಿನ ಮೊಟ್ಟೆ ಕೊಳ್ಳಲು ಬಂದ ಜೇಮ್ಸೀನಾ ರೆಂಡಲ್ ಅದರ ಮುಂದೆ ನಿಂತರು. ಎಪ್ಪತ್ತೆಂಟು ವರ್ಷದ ಹೆಂಗಸು. ಮೂವತ್ತೊಂದು ವರ್ಷ ಈ ಊರಿನ ಅಂಚೆ ವ್ಯಾನು ಓಡಿಸಿ ಮನೆಮನೆಗೆ ಕಾಗದ ಹಂಚಿದವರು. ಮದುವೆಯಾಗಿರಲಿಲ್ಲ. ಸೊಂಟದ ಆಪರೇಷನ್ ಆದಮೇಲೆ ತಮ್ಮ ಕಾರು ಮಾರಿದ್ದರು.

"ಲೋ ಮ್ಯಾನ್ಸಿ, ಏನೋ ಇದು ಹೊಸಾ ಚೀಟಿ? ಓದು. ಕನ್ನಡಕ ಮನೇಲಿ ಬಿಟ್ಟು ಬಂದೆ."

ಓದಿದೆ. "ಪಕ್ಕದ ಸೀಟಿಗೆ ಒಬ್ಬರು ಬೇಕು. ಲೈಸೆನ್ಸ್ ಇರಬೇಕು. ವಾರಕ್ಕೊಂದು ಗಂಟೆ. ಮಾತಾಡಲೇಬೇಕೆಂದಿಲ್ಲ. ಟೀ ಕೊಡುತ್ತೇನೆ. ಸುನ್ನಿವಾ."

"ಆ ಚೀಸ್ ಹುಡುಗೀನಾ?"

"ಹೂಂ. ನಿಮ್ಮ ಲೈಸೆನ್ಸ್ ಇನ್ನೂ ಇದೆಯಾ?"

"ಇಲ್ದೆ ಏನು? ನಿನ್ನಪ್ಪ ಚಡ್ಡಿ ಹಾಕ್ತಿದ್ದ ಕಾಲದಿಂದ ಇದೆ. ಬರ್ತೀನಿ ಅಂತ ಹೇಳು."

ಮೊದಲ ಭಾನುವಾರ ಪಶ್ಚಿಮದ ಗಾಳಿ ಜೋರಾಗಿತ್ತು. ಜೇಮ್ಸೀನಾ ಊರುಗೋಲು ಹಿಂದಿನ ಸೀಟಿಗೆ ಎಸೆದು ಕೂಗಿದ್ದು ನನ್ನ ಅಂಗಳಕ್ಕೂ ಕೇಳಿಸಿತು.

"ಬಾಗಿಲು ಹಿಡ್ಕೋ ಹುಡುಗಿ! ಎರಡೂ ಕೈಲಿ! ಗಾಳಿಗೆ ಕೊಟ್ರೆ ನಾಳೆ ಶೆಟ್ಲೆಂಡ್ ದ್ವೀಪದಲ್ಲಿ ಹುಡುಕ್ಬೇಕಾಗುತ್ತೆ!"

ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ ನಡೆಯಿತು. ಚಳಿಗಾಲದಲ್ಲಿ ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವುದರಿಂದ ಹನ್ನೆರಡಕ್ಕೇ ಹೊರಡುತ್ತಿದ್ದರು. ಜೇಮ್ಸೀನಾ ಕಲಿಸಿದ ದಾರಿ ಅವರ ಹಳೆಯ ಅಂಚೆ ದಾರಿಯೇ. "ಮುಂದೆ ಬ್ರೆಕನ್ ಮನೆ, ಮೂರನೇ ಗೇರಿಗೆ ಬಾ. ಅವರ ನಾಯಿ ಸತ್ತು ಇಪ್ಪತ್ತು ವರ್ಷ ಆಯ್ತು, ಆದ್ರೂ ನಿಧಾನ ಮಾಡು. ಈಗ ಇಳಿಜಾರು. ಕಾಲು ತೆಗಿ. ಹ್ಯಾಮರ್ ಮನೆಯವನಿಗೆ ಕೆನಡಾದಿಂದ ತಿಂಗಳಿಗೊಂದು ಕಾಗದ ಬರ್ತಿತ್ತು, ಅವನು ಒಂದಕ್ಕೂ ಉತ್ತರ ಬರೀಲಿಲ್ಲ." ಮಾತು ಅಷ್ಟೇ. ಹಳೆಯ ಚರ್ಚಿನ ಹತ್ತಿರ ಗಾಡಿ ನಿಲ್ಲಿಸಿ ಫ್ಲಾಸ್ಕಿನ ಟೀ ಕುಡಿದು, ಬಾರ್ಲಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದು ಹಿಂತಿರುಗುತ್ತಿದ್ದರು.

"ಹೇಗಮ್ಮಾ ಮುದುಕಿ?" ಅಂತ ಸುನ್ನಿವಾಳನ್ನು ಒಮ್ಮೆ ಕೇಳಿದೆ.

"ನನ್ನಮ್ಮನ ವಿಷಯ ಅವರು ಕೇಳೋದಿಲ್ಲ," ಅಂದಳು. ಆಮೇಲೆ, "ವಾರದಲ್ಲಿ ನಾನು ಗಟ್ಟಿಯಾಗಿ ಮಾತಾಡೋದು ಅವತ್ತೊಂದೇ ದಿನ," ಅಂದಳು. ಡೇರಿಯಲ್ಲಿ ಯಂತ್ರದ ಸದ್ದಿಗೆ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ.

ಏಪ್ರಿಲ್ ಬಂತು. ಒಂದು ಭಾನುವಾರ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು.

"ಮ್ಯಾನ್ಸಿ, ನೀವು ಈಗ ಬರೋಕಾಗುತ್ತಾ? ಚರ್ಚಿನ ಕೆಳಗಿನ ರಸ್ತೆ ಹತ್ರ."

"ಏನಾಯ್ತು? ಗುದ್ದಿದ್ಯಾ?"

"ಇಲ್ಲ. ಕಾರು ಸರಿ ಇದೆ. ಓಡ್ಸೋರು ಬೇಕು."

ಹೆಂಡತಿ ನನ್ನನ್ನು ಅಲ್ಲಿ ಇಳಿಸಿ ಹೋದಳು. ರಸ್ತೆಗೆ ಅಡ್ಡಲಾಗಿ ಕೆಂಪು ಹಲಗೆ, ಅದರ ಹಿಂದೆ ಮಣ್ಣು ಅಗೆಯುವ ಹಳದಿ ಯಂತ್ರ, ಯಂತ್ರದಾಚೆ ಆಳುದ್ದದ ಗುಂಡಿ. ಹಿಂದಿನ ವಾರ ನೀರಿನ ಕೊಳವೆ ಒಡೆದು ರಸ್ತೆ ಅಗೆದಿದ್ದರು. ತಿಳಿನೀಲಿ ಕಾರು ಹಲಗೆಯಿಂದ ಹತ್ತು ಮಾರು ಹಿಂದೆ ನಿಂತಿತ್ತು. ಸುನ್ನಿವಾ ಹೊರಗೆ ಗಾಳಿಯಲ್ಲಿ ನಿಂತಿದ್ದಳು. ಜೇಮ್ಸೀನಾ ಒಳಗೆ ನೇರ ಮುಂದೆ ನೋಡುತ್ತ ಕೂತಿದ್ದರು.

ನಡೆದದ್ದು ಇಷ್ಟು. ತಿರುವು ದಾಟುತ್ತಲೇ ಸುನ್ನಿವಾ ಬ್ರೇಕ್ ಒತ್ತಿದ್ದಳು. "ಯಾಕೆ ನಿಲ್ಸಿದೆ? ದಾರಿ ಖಾಲಿ ಇದೆ, ಹೋಗು. ನಾಲ್ಕನೇ ಗೇರು," ಅಂದಿದ್ದರು ಜೇಮ್ಸೀನಾ. ಸುನ್ನಿವಾ ತಮಾಷೆ ಅಂದುಕೊಂಡು ನಕ್ಕಳು. ಅವರು ನಗಲಿಲ್ಲ.

"ಎದುರಿಗೆ ಏನಿದೆ, ಜೇಮ್ಸೀನಾ?"

"ರಸ್ತೆ. ಇನ್ನೇನಿರುತ್ತೆ?"

"ಆ ಹಲಗೆ ಓದಿ."

"ಯಾವ ಹಲಗೆ?"

ಆಗಲೇ ಸುನ್ನಿವಾ ಇಳಿದು ನನಗೆ ಫೋನು ಮಾಡಿದ್ದು. ನಾನು ಸ್ಟೀರಿಂಗ್ ಹಿಂದೆ ಕೂತೆ, ಸುನ್ನಿವಾ ಹಿಂದಿನ ಸೀಟಿಗೆ ಹೋದಳು. ಅರ್ಧ ದಾರಿಯಲ್ಲಿ ಜೇಮ್ಸೀನಾ ತಾವಾಗಿ ಬಾಯಿ ಬಿಟ್ಟರು.

"ಎರಡು ವರ್ಷ ಆಯ್ತು. ಕಣ್ಣಿನ ನಡುವೆ ಮಬ್ಬು. ಅಂಚಲ್ಲಿ ಮಾತ್ರ ಕಾಣುತ್ತೆ. ನಿನ್ನ ಮುಖಾನೂ ನಾನು ನೇರ ನೋಡಿಲ್ಲ, ಹುಡುಗಿ. ಸೀಟು ವಾಲೋದ್ರಿಂದ ತಿರುವು ಗೊತ್ತಾಗುತ್ತೆ, ಸದ್ದಿನಿಂದ ಗೇರು ಗೊತ್ತಾಗುತ್ತೆ. ಅಷ್ಟು ಸಾಕು ಅಂದ್ಕೊಂಡೆ."

"ಹೇಳ್ಬಹುದಿತ್ತು," ಅಂದಳು ಸುನ್ನಿವಾ.

"ಹೇಳಿದ್ರೆ ನೀನು ಕರ್ಕೊಂಡು ಹೋಗ್ತಿದ್ಯಾ?"

ಚೀಟಿ ಓದಿ ಹೇಳಿದವನು ನಾನು. ಅಂಗಡಿಯಲ್ಲಿ ಅವರು ನಾಣ್ಯಗಳನ್ನು ಬೆರಳಿನಿಂದ ಸವರಿ ಕೊಡುತ್ತಿದ್ದುದನ್ನು ವಾರವಾರ ನೋಡಿದವನೂ ನಾನೇ. ಗೇರು ಬದಲಿಸಿ ಮುಂದೆ ಓಡಿಸಿದೆ.

ಸೋಮವಾರ ಜೇಮ್ಸೀನಾ ಒಂದು ಲಕೋಟೆ ಹಿಡಿದು ಊರುಗೋಲೂರಿ ಅಂಚೆ ಡಬ್ಬಿಗೆ ನಡೆದು ಹೋಗಿ ಲೈಸೆನ್ಸನ್ನು ತಾವೇ ಹಿಂದಕ್ಕೆ ಕಳಿಸಿದರು. ವಿಳಾಸ ಬರೆದುಕೊಟ್ಟವಳು ನನ್ನ ಹೆಂಡತಿ. ಆಮೇಲೆ ಅವರು ಸುನ್ನಿವಾಗೆ ಬಾಗಿಲು ತೆಗೆಯಲಿಲ್ಲ. ಎರಡು ಭಾನುವಾರ ಹುಡುಗಿ ಹನ್ನೆರಡಕ್ಕೆ ಹೋಗಿ ಬಾಗಿಲು ತಟ್ಟಿ ವಾಪಸ್ಸು ಬಂದಳು. ಮೂರನೆಯ ಸಲ ಒಳಗಿನಿಂದಲೇ ಮಾತು ಬಂತು.

"ಹೋಗು ಹುಡುಗಿ. ನನ್ನಿಂದ ನೀನು ಯಾರನ್ನೋ ಸಾಯಿಸಿಬಿಡ್ತಿದ್ದೆ."

"ನಾನು ನಿಲ್ಲಿಸ್ದೆ ಅಲ್ವಾ? ನಿಲ್ಸೋದು ಹೇಳಿಕೊಟ್ಟೋರು ಯಾರು?"

ಅವಳು ರೊಟ್ಟಿಯ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೊಂದು ಕಲ್ಲು ಹೇರಿ ಬಂದಳು.

ಆ ಮೇ ತಿಂಗಳಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. ಹೊತ್ತು ಮುಳುಗದ ಉದ್ದನೆಯ ಸಂಜೆಗಳಲ್ಲಿ ಒಟ್ಟು ಎಂಟು ಸಲ ಹೋದೆವು. ಅವಳು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಪ್ರತಿ ತಿರುವಿಗೂ ಮೊದಲು ತುಟಿ ಅಲುಗುತ್ತಿತ್ತು. ಕಿವಿಗೊಟ್ಟು ಕೇಳಿದರೆ, "ಬ್ರೆಕನ್, ಮೂರನೇ ಗೇರು. ಹ್ಯಾಮರ್, ಕಾಲು ತೆಗಿ." ಅವಳು ಹಾಗೆ ಗುನುಗುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ನಾನು ಹವಾಮಾನದ ಬಗ್ಗೆ, ಕರುಗಳ ಬೆಲೆಯ ಬಗ್ಗೆ ಮಾತಾಡಿದೆ. ಅವಳು ಹೂಂಗುಟ್ಟಿದಳು. ಆ ಸೀಟಿನಲ್ಲಿ ಕೂತವನು ತಪ್ಪು ಮನುಷ್ಯ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಜೂನಿನಲ್ಲಿ ಕರ್ಕ್‌ವಾಲ್ ಪಟ್ಟಣದಲ್ಲಿ ಟೆಸ್ಟ್ ಪಾಸಾಯಿತು, ಒಂದೇ ಸಲಕ್ಕೆ. ಎಲ್ ಬೋರ್ಡ್ ಕಿತ್ತು ಸೀದಾ ಜೇಮ್ಸೀನಾ ಮನೆಗೆ ಹೋಗಿ ಹಾರನ್ ಹೊಡೆದಳಂತೆ. ಅವತ್ತು ಬಾಗಿಲು ತೆರೆಯಿತು. ಮುದುಕಿ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬೋರ್ಡಿದ್ದ ಜಾಗ ತಡವಿ, "ಶಹಬ್ಬಾಸ್" ಅಂದರು.

"ಕೂತ್ಕೊಳ್ಳಿ, ಜೇಮ್ಸೀನಾ. ಎಲ್ಲಿಗೆ ಬೇಕಾದ್ರೂ ಹೋಗೋಣ. ಈಗ ಯಾರ ಲೈಸೆನ್ಸೂ ಬೇಡ."

"ಅದಕ್ಕೇ ನಾನು ಬರೋದಿಲ್ಲ."

"ಅಂದ್ರೆ?"

"ಗಾಡೀಲಿ ನಂಗೊಂದು ಕೆಲಸ ಇತ್ತು, ಕೂತಿದ್ದೆ. ಈಗ ನಿನ್ನ ಪಕ್ಕ ಆಲೂಗಡ್ಡೆ ಮೂಟೆ ಥರ ಕೂತ್ಕೋಬೇಕಾ? ಹೋಗು, ನೀನೇ ಹೋಗು."

ಸುನ್ನಿವಾ ಬೇಡಿಕೊಂಡಳು. ನಾನೂ ನನ್ನ ಹೆಂಡತಿಯೂ ಹೇಳಿ ನೋಡಿದೆವು. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಹೆಂಗಸು, ಜಗ್ಗಲಿಲ್ಲ. ಆಸ್ಪತ್ರೆಗೂ ಬಸ್ಸಿನಲ್ಲೇ ಹೋದರು. ಮತ್ತೆಂದೂ ಆ ಕಾರು ಹತ್ತಲಿಲ್ಲ.

ಸುನ್ನಿವಾ ಭಾನುವಾರದ ಸುತ್ತು ಮಾತ್ರ ಬಿಡಲಿಲ್ಲ. ಹನ್ನೆರಡಕ್ಕೆ ಒಬ್ಬಳೇ ಹೊರಟು ಜೇಮ್ಸೀನಾ ಮನೆ ಮುಂದೆ ಹಾದು, ಅದೇ ದಾರಿಯಲ್ಲಿ ಚರ್ಚಿನ ತನಕ ಹೋಗಿ, ಕಾರಿನಲ್ಲೇ ಕೂತು ಟೀ ಕುಡಿದು ಬರುತ್ತಿದ್ದಳು. ಸೋಮವಾರ ಜೇಮ್ಸೀನಾ ಮೊಟ್ಟೆಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. "ಆ ಹುಡುಗಿಗೆ ಹೇಳು, ತಿರುವಲ್ಲಿ ಗೇರು ಇಳ್ಸೋಕೆ ತಡ ಮಾಡ್ತಾಳೆ. ಹಿಂದಿನ ಎಡ ಚಕ್ರದ ಬೇರಿಂಗು ಗುಂಯ್ ಅಂತಿದೆ, ನೋಡು." ನೋಡಿದರೆ ಬೇರಿಂಗು ನಿಜಕ್ಕೂ ಹೋಗಿರುತ್ತಿತ್ತು. ನಾನು ಸುನ್ನಿವಾಗೆ ತಲುಪಿಸುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಇಬ್ಬರೂ ಒಂದೇ ರಸ್ತೆಯಲ್ಲಿ ಅರ್ಧ ಮೈಲಿ ದೂರದಲ್ಲಿದ್ದು ನನ್ನ ಬಾಯಿಂದ ಮಾತಾಡಿದರು. ಹೀಗೆ ಮೂರು ವರ್ಷ ಕಳೆಯಿತು. ನಾಲ್ಕನೇ ಚಳಿಗಾಲದಲ್ಲಿ ಜೇಮ್ಸೀನಾ ನಿದ್ದೆಯಲ್ಲೇ ತೀರಿಕೊಂಡರು. ಶವದ ಗಾಡಿಯ ಹಿಂದೆ ತಿಳಿನೀಲಿ ಕಾರು ನಿಧಾನವಾಗಿ ಹೋಯಿತು. ಚರ್ಚಿನ ಬಳಿ ಬೇರೆಯವರು ಹತ್ತಿರ ಬಂದು ಮಾತಾಡಿಸಲು ನೋಡಿದರು. ಅವಳು ಕೈಕುಲುಕಿ ಕಾರಿಗೆ ಹಿಂತಿರುಗಿದಳು.

ಆ ಬೇಸಿಗೆ ಅವಳು ಗಾಡಿಯನ್ನು ಪೂರ್ತಿ ತಪಾಸಣೆಗೆ ತಂದಳು. ಹಡಗಿನಲ್ಲಿ ಆಚೆ ದಡಕ್ಕೆ ದಾಟಿಸಿ ಇನ್ವರ್‌ನೆಸ್‌ಗೆ, ಅಮ್ಮನ ಹತ್ತಿರ, ಒಂದು ವಾರಕ್ಕೆ ಹೋಗುತ್ತೇನೆ ಅಂದಳು. ಅಮ್ಮ ಆ ಕಾರನ್ನು ನೋಡಿರಲೇ ಇಲ್ಲ. ನಾನು ಎಣ್ಣೆ ಬದಲಿಸಿ, ಬ್ರೇಕ್ ನೋಡಿ, ಎರಡು ಟೈರು ಹೊಸದು ಹಾಕಿಕೊಟ್ಟೆ. ಹೊರಟ ಬೆಳಿಗ್ಗೆ ಗಾಜು ಒರೆಸಿ ಒರೆಸಿ ಹೊಳೆಯಿಸಿದ್ದಳು.

ನಾಲ್ಕನೇ ದಿನಕ್ಕೇ ಪಂಪಿಗೆ ಬಂದು ನಿಂತಳು.

"ಯಾಕೆ ಇಷ್ಟು ಬೇಗ?"

"ಅಮ್ಮಂಗೆ ಕೆಲಸ ಇತ್ತು."

"ಕಾರು ನೋಡಿ ಏನಂದ್ಲು?"

"ಚೆನ್ನಾಗಿದೆ ಅಂದ್ಲು. ಸಣ್ಣದಾಯ್ತು ಅಂದ್ಲು."

"ಕೂರಿಸ್ಕೊಂಡು ಒಂದು ಸುತ್ತು ಹಾಕಿದ್ಯೋ ಇಲ್ವೋ?"

"ಸೂಪರ್ ಮಾರ್ಕೆಟ್ ತನಕ ಬಂದ್ಲು. ಫೋನಲ್ಲಿದ್ಲು." ಪೈಪು ವಾಪಸ್ಸು ಸಿಕ್ಕಿಸುತ್ತ ಅಂದಳು, "ಹೋಗ್ತಾ ಬರ್ತಾ ಗಾಡಿ ಒಂದ್ಸಲಾನೂ ಕೈ ಕೊಡ್ಲಿಲ್ಲ, ಮ್ಯಾನ್ಸಿ. ಬೆಟ್ಟದ ಮೇಲೂ ನಾಲ್ಕನೇ ಗೇರಲ್ಲೇ ಹತ್ತಿತು."

ದುಡ್ಡು ಕೊಟ್ಟು ಮನೆಯ ಕಡೆ ತಿರುಗಿಸಿದಳು. ಮಾರನೇ ಬೆಳಿಗ್ಗೆ ಐದೂಕಾಲಿಗೆ ಅವಳ ಕಾರು ಡೇರಿಯ ದಾರಿ ಹಿಡಿದದ್ದು ಹಾಸಿಗೆಯಲ್ಲಿದ್ದ ನನಗೆ ಕೇಳಿಸಿತು. ಅವಳ ರಜೆ ಇನ್ನೂ ಮೂರು ದಿನ ಉಳಿದಿತ್ತು.