ಅಮ್ಮ ಮುಗಿಸಿದ ಇಂಗ್ಲಿಷ್ ಸೀರಿಯಲ್

ಮಹಾಜನರೇ, ಬ್ರಿಟನ್ನಿನ ಹಳೆಯ ಟೀವಿ ಧಾರಾವಾಹಿಗಳ ಕೊನೆಯನ್ನು ಇನ್ನು ಮುಂದೆ ನಂಜನಗೂಡಿನ ನಮ್ಮ ಮನೆಯಲ್ಲೇ ತೀರ್ಮಾನಿಸಲಾಗುವುದು.

ಇವತ್ತು ಮಧ್ಯಾಹ್ನ ಅಮ್ಮ ದೊಡ್ಡ ಬಂಗಲೆಯೊಂದರ ಕಥೆಯ ತಮ್ಮ ಮೆಚ್ಚಿನ ಇಂಗ್ಲಿಷ್ ಸೀರಿಯಲ್ಲನ್ನು ಎಷ್ಟನೇ ಸಲವೋ ನೋಡುತ್ತಿದ್ದರು. ಸರ ಕದ್ದಳೆಂದು ದೊರೆಸಾನಿ ಕೆಲಸದ ಹುಡುಗಿಯ ಮೇಲೆ ಕೂಗಾಡುವಾಗಲೇ ಕರೆಂಟ್ ಹೋಯಿತು.

ದೇವನೂರಿನ ಬಸ್ಸಿಗೆ ಹೊರಟಿದ್ದ ಚಿಕ್ಕಮ್ಮ ಬಾಗಿಲಲ್ಲೇ ನಿಂತರು. “ಅಯ್ಯೋ, ಆ ಉಡ್ಗಿ ಗತಿ ಏನಾಯ್ತಕ್ಕಾ?”

ಇಂಗ್ಲಿಷ್ ಬಾರದ ಅಮ್ಮ ಸೆರಗು ಸಿಕ್ಕಿಸಿ ಹುಡುಗಿಯೇ ಆಗಿಬಿಟ್ಟರು. “ನಾ ಕದ್ದಿಲ್ಲ ಕಣ್ರವ್ವಾ! ನಿಮ್ಮನೆ ಪಾತ್ರೆ ಇನ್ಮೇಲೆ ನೀವೇ ತಿಕ್ಕೊಳಿ!”

ಕರೆಂಟ್ ಬಂತು. ಟೀವಿಯ ಹುಡುಗಿ ಸುಮ್ಮನೆ ಅತ್ತು ಹೊರಟುಹೋದಳು.

“ಇವಳ್ಗೇನು ಬಾಯಿಲ್ವಾ! ಆಫ್ ಮಾಡಕ್ಕಾ, ನಿಂದೇ ಇನ್ನೊಂದ್ಸಲ ಮಾಡು” ಎಂದರು ಚಿಕ್ಕಮ್ಮ. ಅಮ್ಮ ಮಾಡಿದರು. ಅಷ್ಟರಲ್ಲಿ ಬಸ್ಸು ಹೋಯಿತು.

ದೇವನೂರಿನ ಕಡೆ ಹೊರಟವರು ಯಾರಾದರೂ ಇದ್ದರೆ ಚಿಕ್ಕಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ. ದಾರಿಯುದ್ದಕ್ಕೂ ಚಿಕ್ಕಮ್ಮನ ಬಾಯಲ್ಲಿ ಅಮ್ಮನ ಸೀರಿಯಲ್ ಉಚಿತ.